ಚಿಕ್ಕಪ್ಪ ಮತ್ತು ನನ್ನ ಎಡಗಿವಿ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಕಿವಿ ನೆನಪಿರುತ್ತಿತ್ತು. ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ! ಮದುವೆಮನೆಯಲ್ಲಿ ಯಾರಾದರೂ ಎದುರಿಗೆ ಬಂದು ಕೈಮುಗಿದರೆ ಇವರು ಕಣ್ಣು ಕಿರಿದು ಮಾಡಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದರು. ಅವರ ಕೆನ್ನೆಯ ಹಿಂದಕ್ಕೆ ಇಣುಕಿ ನೋಡುತ್ತಿದ್ದರು. ಆಮೇಲೆ ಮುಖ ಅರಳಿಸಿ, “ಓಹೋ, ನೀವಾ! ಹೇಗಿದೆ ಬಲಗಿವಿ?” ಎನ್ನುತ್ತಿದ್ದರು. ಎದುರಿನವರು ಬೀಗರ ಕಡೆಯವರಾಗಿರಲಿ, ಅಪ್ಪನ ಆಫೀಸಿನ ಸಾಹೇಬರಾಗಿರಲಿ, ಪ್ರಶ್ನೆ ಅದೇ. ಅಂಥ ಹೊತ್ತಿನಲ್ಲಿ ನಾನು ಕಂಬದ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಯಾಕೆಂದರೆ ಅವರ ಮುಂದಿನ ಮಾತು ನನಗೆ ಬಾಯಿಪಾಠವಾಗಿತ್ತು: “ನಮ್ಮ ಅಣ್ಣನ ಮಗಳಿಗೂ ಹೀಗೇ, ಎಡಗಿವಿ ಸೋರುತ್ತೆ. ಪುಟ್ಟೀ, ಬಾಮ್ಮ ಇಲ್ಲಿ, ಇವರಿಗೆ ಸ್ವಲ್ಪ ತೋರಿಸು!”

ಏನನ್ನು ತೋರಿಸುವುದು? ಆರನೆಯ ವಯಸ್ಸಿನಲ್ಲಿ ದಡಾರ ಎದ್ದು ಇಳಿದಾಗ ನನ್ನ ಎಡಗಿವಿಯಲ್ಲಿ ಕೀವು ಶುರುವಾಯಿತು. ದಡಾರ ಹೋಯಿತು, ಕೀವು ಹೋಗಲಿಲ್ಲ. ಒಂದು ತಿಂಗಳು ಒಣಗಿರುವುದು, ಇನ್ನೊಂದು ತಿಂಗಳು ಸೋರುವುದು. ಸೋರುವಾಗ ಒಂದು ವಾಸನೆ. ಅದನ್ನು ವರ್ಣಿಸಲು ಇವತ್ತಿಗೂ ನನಗೆ ನಾಚಿಕೆ. ಸ್ಕೂಲಿನಲ್ಲಿ ಪಕ್ಕದ ಹುಡುಗಿ ಏನೂ ಹೇಳದೆ ತನ್ನ ಪುಸ್ತಕಗಳನ್ನು ಬೆಂಚಿನ ಆ ತುದಿಗೆ ಸರಿಸಿಕೊಳ್ಳುತ್ತಿದ್ದಳು. ಬೈದಿದ್ದರೆ ವಾಸಿ ಇತ್ತು. ನಾನು ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ಜಡೆ ಇಳಿಬಿಟ್ಟು, ಜಡೆಯ ಮೇಲೆ ಮಲ್ಲಿಗೆ ಮುಡಿದು ಹೋಗುತ್ತಿದ್ದೆ. ಎಲ್ಲರೂ ನನಗೆ ಹೂವಿನ ಹುಚ್ಚು ಎಂದುಕೊಂಡಿದ್ದರು.

ಚಿಕ್ಕಪ್ಪ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಮದುವೆಯಾಗಿರಲಿಲ್ಲ. ಜಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಬಾಟಲಿಗಳ ನಡುವೆ ವಾಸ. ಅಜ್ಜಿ ದೇವರು ಎಲ್ಲ ಕಡೆ ಇದ್ದಾನೆ ಎಂದರೆ ಇವರು ಕ್ರಿಮಿಯೂ ಇದೆ ಎನ್ನುತ್ತಿದ್ದರು. ಮನೆಗೆ ಬಂದ ದ್ರಾಕ್ಷಿಯೆಲ್ಲ ಪೊಟ್ಯಾಸಿಯಂ ಪರ್ಮಾಂಗನೇಟಿನ ಗುಲಾಬಿ ಬಣ್ಣದ ನೀರಿನಲ್ಲಿ ಮುಳುಗೆದ್ದೇ ತಟ್ಟೆಗೆ ಬರಬೇಕು. ಒಂದು ಬೆಳಿಗ್ಗೆ ಅದರ ಒಂದು ಹರಳು ಹೇಗೋ ದೇವರ ಮನೆಯ ತೀರ್ಥದ ಬಟ್ಟಲಿಗೆ ಬಿದ್ದುಬಿಟ್ಟಿತು. ಅಜ್ಜಿ ಪೂಜೆಗೆ ಕೂತು ನೋಡಿದರೆ ತೀರ್ಥ ಕೆಂಪಾಗಿದೆ! ದೇವಿಯೇ ಕುಂಕುಮ ಕದಡಿದ್ದಾಳೆ ಎಂದು ಅಕ್ಕಪಕ್ಕದವರನ್ನೆಲ್ಲ ಕರೆದು ಹಂಚಿದರು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು, ಬಾಯಿ ಬಿಡಲಿಲ್ಲ. ಆಮೇಲೆ ನನ್ನ ಹತ್ತಿರ, “ಪರವಾಗಿಲ್ಲ ಪುಟ್ಟಿ, ಈ ಬೀದಿಯ ಗಂಟಲುಗಳೆಲ್ಲ ಇವತ್ತು ಶುದ್ಧವಾದವು” ಎಂದರು.

ಈ ಮನೆಯಲ್ಲಿ ನನ್ನ ಕಿವಿಗೆ ಎರಡು ಪಕ್ಷಗಳಿದ್ದವು. ಅಜ್ಜಿಯದು ಎಣ್ಣೆ ಪಕ್ಷ. ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ಬೆಚ್ಚಗಿರುವಾಗಲೇ ಬಿಡಬೇಕು ಎನ್ನುವುದು ಅವರ ವಾದ.

“ಅಮ್ಮಾ, ಎಣ್ಣೆ ಬಿಡೋದು ಅಂದ್ರೆ ಕ್ರಿಮಿಗಳಿಗೆ ಕರೆದು ಅಭ್ಯಂಜನ ಮಾಡಿಸಿದ ಹಾಗೆ!” ಎನ್ನುತ್ತಿದ್ದರು ಚಿಕ್ಕಪ್ಪ.

“ನಿನಗೆ ಕಿವಿ ನೋವು ಬಂದಾಗೆಲ್ಲ ಇದೇ ಎಣ್ಣೆ ಬಿಟ್ಟು ಸಾಕಿದ್ದು ಕಣೋ.”

“ಅದಕ್ಕೇ ನೋಡು, ನೀನು ಹೇಳೋದು ಒಂದೂ ನನ್ನ ಕಿವಿಗೆ ಬೀಳೋದಿಲ್ಲ.”

ಗೆದ್ದವರು ಚಿಕ್ಕಪ್ಪನೇ. ಅವರ ಪಕ್ಷದ ಮೊದಲ ಅಸ್ತ್ರ ಹೈಡ್ರೋಜನ್ ಪೆರಾಕ್ಸೈಡ್. ಅದನ್ನು ಕಿವಿಗೆ ಬಿಟ್ಟರೆ ಬುಸುಬುಸು ನೊರೆ ಬರುತ್ತದೆ. ತಲೆಯೊಳಗೆ ಯಾರೋ ಸೋಡಾ ಬಾಟಲಿ ಒಡೆದ ಸದ್ದು. ಇದನ್ನು ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಮಾಡಿದ್ದರೆ ನನ್ನ ಬಾಲ್ಯ ಬೇರೆಯೇ ಆಗುತ್ತಿತ್ತೇನೋ. ಆದರೆ ಚಿಕ್ಕಪ್ಪನಿಗೆ ಬೆಳಕು ಬೇಕು. ಗಡ್ಡ ಹೆರೆಯುವ ಕನ್ನಡಿಯ ನಡುವಿನ ರಸವನ್ನು ಕಾಸಿನಗಲ ಕೆರೆದು, ಅದನ್ನು ಹಣೆಗೆ ಲಾಡಿಯಿಂದ ಕಟ್ಟಿಕೊಂಡು, ನನ್ನನ್ನು ಜಗಲಿಯ ಮೇಲೆ ಬೆಳಗಿನ ಬಿಸಿಲಿಗೆ ಅಡ್ಡ ಮಲಗಿಸುತ್ತಿದ್ದರು. ಆಗಿನ ಜಯನಗರ ಎಂದರೆ ರಸ್ತೆಗಳು ಮೊದಲು ಬಂದು ಮನೆಗಳಿಗಾಗಿ ಕಾಯುತ್ತಿದ್ದ ಊರು. ನಮ್ಮ ಸಾಲಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆದರೂ ನನ್ನ ಕಿವಿಯಲ್ಲಿ ನೊರೆ ಏಳುವ ಹೊತ್ತಿಗೆ ಸರಿಯಾಗಿ ಅಷ್ಟೊಂದು ಜನ ಎಲ್ಲಿಂದ ಬರುತ್ತಿದ್ದರು ಹೇಳಿ! ಯಡಿಯೂರಿನಿಂದ ಹಾಲು ತರುತ್ತಿದ್ದ ಹೆಂಗಸು ತಪ್ಪಲೆ ಕೆಳಗಿಟ್ಟು ನಿಂತುಬಿಡುತ್ತಿದ್ದಳು.

“ಏನ್ ಮೇಷ್ಟ್ರೇ, ಮಗೀಗೆ ಕಿವೀಲಿ ಅನ್ನ ಉಕ್ತಾ ಐತಲ್ಲಾ!”

“ಅನ್ನ ಅಲ್ಲಮ್ಮ, ಯುದ್ಧ! ನೋಡು, ನೋಡು, ಕ್ರಿಮಿಗಳೆಲ್ಲ ಸಾಯ್ತಿವೆ.”

ಅವಳು ಹತ್ತಿರ ಬಂದು ಬಗ್ಗಿ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದೆ. ಕಣ್ಣು ಮುಚ್ಚಿದರೆ ಬೇರೆಯವರಿಗೂ ನಾನು ಕಾಣುವುದಿಲ್ಲ ಎಂದು ಆ ವಯಸ್ಸಿನಲ್ಲಿ ನಂಬಿದ್ದೆ.

ಎರಡನೆಯ ಅಸ್ತ್ರ ಬೋರಿಕ್ ಪುಡಿ. ಕಿವಿಯನ್ನು ಒರೆಸಿ ಒಣಗಿಸಿ, ಪರಂಗಿ ಎಲೆಯ ದಂಟಿನಲ್ಲಿ ಒಂದು ಚಿಟಿಕೆ ಪುಡಿ ತುಂಬಿ, ಒಂದು ತುದಿಯನ್ನು ನನ್ನ ಕಿವಿಗಿಟ್ಟು ಇನ್ನೊಂದು ತುದಿಯಿಂದ ಚಿಕ್ಕಪ್ಪ ಊದುತ್ತಿದ್ದರು. ನಾಗಸ್ವರದವರಿಗೂ ಇಲ್ಲದ ಉಸಿರು ಅವರದು! ಒಂದು ದಿನ ಸರಿಯಾಗಿ ಊದುವ ಹೊತ್ತಿಗೆ ನಾನು ಸೀನಿ ತಲೆ ಅಲ್ಲಾಡಿಸಿದೆ. ಪುಡಿಯೆಲ್ಲ ಹಾರಿ, ಆಗಷ್ಟೇ ಸ್ನಾನ ಮಾಡಿ ಮಡಿಯುಟ್ಟು ಬಂದಿದ್ದ ಅಜ್ಜಿಯ ಮೇಲೆ ಕೂತಿತು.

“ಅಯ್ಯೋ, ಮಡಿ ಹೋಯ್ತಲ್ಲೋ!”

“ಹೋಗೋದು ಎಲ್ಲಿಂದ ಬಂತಮ್ಮಾ? ಇದು ಆಂಟಿಸೆಪ್ಟಿಕ್ಕು. ನೀನು ಇಷ್ಟು ಮಡಿಯಾಗಿ ಹಿಂದೆಂದೂ ಇರಲಿಲ್ಲ!”

ನ್ಯಾಯವಾಗಿ ಹೇಳಬೇಕೆಂದರೆ ಬೋರಿಕ್ ಪುಡಿಯಿಂದ ಕಿವಿ ಎಷ್ಟೋ ಸಲ ಒಣಗುತ್ತಿತ್ತು. ಚಿಕ್ಕಪ್ಪ ಗೆದ್ದೆ ಎಂದು ಬೀಗುತ್ತಿದ್ದರು. ಆಮೇಲೆ ಒಂದು ನೆಗಡಿ ಬರುತ್ತಿತ್ತು, ಇಲ್ಲವೇ ತಲೆಗೆ ಸ್ನಾನ ಮಾಡುವಾಗ ಒಂದಿಷ್ಟು ನೀರು ಒಳಗೆ ಹೋಗುತ್ತಿತ್ತು, ಮತ್ತೆ ಶುರು. ಅಪ್ಪ ಆಗಾಗ, “ದೊಡ್ಡ ಆಸ್ಪತ್ರೆಗೆ ತೋರಿಸೋಣ” ಎನ್ನುತ್ತಿದ್ದರು. ಚಿಕ್ಕಪ್ಪನಿಗೆ ಅದು ಸ್ವಂತ ತರಗತಿಗೆ ಇನ್ಸ್‌ಪೆಕ್ಟರ್ ಬಂದಂತೆ. “ಇನ್ನೊಂದೇ ಔಷಧಿ ನೋಡೋಣ, ಅಣ್ಣಯ್ಯ” ಎನ್ನುತ್ತಿದ್ದರು. ಹೀಗೆ ಇನ್ನೊಂದೇ, ಇನ್ನೊಂದೇ ಎನ್ನುತ್ತಾ ನಾನು ಲಂಗದಿಂದ ಸೀರೆಗೆ ಬಂದೆ.

ಸೀರೆಗೆ ಬಂದ ಮೇಲೆ ಕೇಳಬೇಕೇ? ಬಸವನಗುಡಿಯಿಂದ ಒಂದು ಸಂಬಂಧ ಬಂತು. ಹುಡುಗ ಎಂಜಿನಿಯರು. ಭಾನುವಾರ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಆ ವಾರ ಕಿವಿ ಸೋರುತ್ತಿತ್ತು. ಅಮ್ಮ ಗಾಬರಿಯಾಗಿ ಚಿಕ್ಕಪ್ಪನ ಕಡೆ ನೋಡಿದಳು. ಚಿಕ್ಕಪ್ಪ, “ನೀವು ಯೋಚನೆ ಮಾಡ್ಬೇಡಿ ಅತ್ತಿಗೆ” ಎಂದು ಹೋಗಿ ಜೆನ್ಶನ್ ವಯಲೆಟ್ ತಂದರು.

ಅದನ್ನು ಕಂಡಿಲ್ಲದವರಿಗೆ ಹೇಳುತ್ತೇನೆ: ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ನಾಲಿಗೆಯಾದರೆ ಮಾರನೆಯ ದಿನ ಸರಿಹೋಗುತ್ತದೆ, ಇದು ಚರ್ಮದ ಜೊತೆ ಸಂಸಾರ ಹೂಡುತ್ತದೆ. ಚಿಕ್ಕಪ್ಪ ಹಾಕಿದ್ದು ಕಿವಿಯೊಳಕ್ಕೆ. ಅದು ಮಾತ್ರ ಹಾಲೆಯಿಂದ ಇಳಿದು, ಕತ್ತಿನಲ್ಲಿ ಹರಿದು, ದಿಂಬಿಗೂ ಹತ್ತಿತು. ಅಮ್ಮ ಸೀಗೆಪುಡಿ ಹಾಕಿ ಉಜ್ಜಿದಳು, ನಿಂಬೆಹಣ್ಣು ಹಾಕಿ ಉಜ್ಜಿದಳು. ನೇರಳೆ ಹೋಗಲಿಲ್ಲ, ಅದರ ಸುತ್ತ ಕೆಂಪೂ ಸೇರಿಕೊಂಡಿತು. ಭಾನುವಾರದ ಹೊತ್ತಿಗೆ ನನ್ನ ಎಡಗಡೆ ಒಂದು ದಸರಾ ಬೊಂಬೆಯ ಹಾಗಿತ್ತು!

ಅಮ್ಮ ಜಾಣೆ. ಅವತ್ತು ಮಧ್ಯಾಹ್ನ ಚಿಕ್ಕಪ್ಪನನ್ನು ಮನೆಯಿಂದ ಹೊರಗೆ ಹಾಕಲು, ಗಾಂಧಿಬಜಾರಿಗೆ ಹೋಗಿ ಒಳ್ಳೇ ವೀಳ್ಯದೆಲೆಯನ್ನು ಆರಿಸಿ, ನಿಧಾನವಾಗಿ ತನ್ನಿ ಎಂದು ಕಳಿಸಿದಳು. ನನ್ನ ಎಡಗಡೆಗೆ ಒಂದು ಮೊಳಕ್ಕಿಂತ ಜಾಸ್ತಿ ಮಲ್ಲಿಗೆ ಇಳಿಬಿಟ್ಟಳು. ಗೋಡೆಗೆ ಎಡಗಡೆ ಬರುವ ಹಾಗೆ ಕೂರಬೇಕು, ತಲೆ ಎತ್ತಬಾರದು ಎಂದು ಹೇಳಿಕೊಟ್ಟಳು.

ಜಟಕಾ ಬಂದು ನಿಂತಿತು. ಹುಡುಗ ಇಳಿದ, ಅವನ ತಂದೆ ಇಳಿದರು, ತಾಯಿ ಇಳಿದರು. ಕಡೆಯಲ್ಲಿ, ವೀಳ್ಯದೆಲೆಯ ಕಟ್ಟು ಹಿಡಿದುಕೊಂಡು ಚಿಕ್ಕಪ್ಪ ಇಳಿದರು!

ಆಗಿದ್ದು ಇಷ್ಟೇ. ಗಾಂಧಿಬಜಾರಿನಲ್ಲಿ ಜಟಕಾದವನಿಗೆ ಜಯನಗರದ ವಿಳಾಸ ವಿವರಿಸಲು ಒದ್ದಾಡುತ್ತಿದ್ದ ಒಂದು ಸಂಸಾರವನ್ನು ಕಂಡು ಇವರು ಸಹಾಯಕ್ಕೆ ಹೋಗಿದ್ದಾರೆ. ವಿಳಾಸ ನೋಡಿದರೆ ನಮ್ಮದೇ ಮನೆ!

ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ಹುಡುಗನ ತಾಯಿ ನನ್ನ ಕಡೆ ಬಗ್ಗಿ ನೋಡಿ, “ಕತ್ತಿನ ಹತ್ತಿರ ಅದೇನಮ್ಮ, ಬಣ್ಣ?” ಎಂದರು.

ಅಮ್ಮ ತಡಮಾಡಲಿಲ್ಲ. “ಹೊಸ ಓಲೆ ಹಾಕಿದ್ವಿ, ಸ್ವಲ್ಪ ನಂಜಾಗಿದೆ ಅಷ್ಟೆ. ಅದಕ್ಕೇ ಔಷಧಿ ಹಚ್ಚಿದೀವಿ.”

“ಹೌದಾ?” ಎಂದರು ಆಕೆ, ನಿಜವಾಗಿಯೂ ಗೊಂದಲಗೊಂಡು. “ನಿಮ್ಮ ಮೈದುನ ಜಟಕಾದಲ್ಲಿ ಕಿವಿತಮಟೇಲಿ ತೂತಿದೆ, ಚಿಕ್ಕಂದಿನಿಂದ ಸೋರುತ್ತೆ ಅಂತ ಹೇಳಿದ್ರಲ್ಲ?”

ಅಮ್ಮ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ನನಗೆ ನನ್ನ ಬಲಗಿವಿಯೂ ಆ ಗಳಿಗೆಯಲ್ಲಿ ಕೆಟ್ಟುಹೋಗಬಾರದಿತ್ತೇ ಎನ್ನಿಸಿತು. ಚಿಕ್ಕಪ್ಪ ಮಾತ್ರ ನಮ್ಮನ್ನು ಕಾಪಾಡಲು ಮುಂದೆ ಬಂದರು.

“ಸಣ್ಣ ತೂತು ಅಂದೆ ತಾಯಿ, ಸಾಸಿವೆಯಷ್ಟು! ಮುಚ್ಚಿಟ್ಟು ಮದುವೆ ಮಾಡೋರು ನಾವಲ್ಲ. ಅಂದ ಹಾಗೆ, ನಿಮ್ಮ ಮಗನ ಬಲಗಿವೀಲಿ ಗುಗ್ಗೆ ಕಟ್ಟಿದೆ. ಜಟಕಾದಲ್ಲೇ ನೋಡಿದೆ. ಒಂದು ನಿಮಿಷ ಜಗಲಿಗೆ ಬಂದ್ರೆ…”

ಅವರು ಬರಲಿಲ್ಲ. ಜಟಕಾ ಹತ್ತಿದರು. ವೀಳ್ಯದೆಲೆ ಕಟ್ಟಿದ ಬಾಳೆನಾರು ಬಿಚ್ಚದೆ ಹಾಗೇ ಉಳಿಯಿತು.

ನಾನು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹುಡುಗ ಕೈತಪ್ಪಿದ ಎಂದು ಅಳಲಿಲ್ಲ, ಅವನ ಮುಖವನ್ನೇ ನಾನು ನೋಡಿರಲಿಲ್ಲ. ಬಸವನಗುಡಿಯ ಮನೆಮನೆಯಲ್ಲೂ ಈಗ ನನ್ನ ಕಿವಿಯ ಮಾತು ಆಡುತ್ತಾರೆ ಎಂಬ ಯೋಚನೆಗೇ ಮೈ ಹಿಡಿಯಾಯಿತು. ಹಿತ್ತಾಳೆ ಹಂಡೆಯಲ್ಲಿ ನೇರಳೆ ಬಣ್ಣದ ನನ್ನ ಕತ್ತು ವಕ್ರವಾಗಿ ಕಾಣುತ್ತಿತ್ತು. ಆಚೆ ಚಿಕ್ಕಪ್ಪ, “ಪುಟ್ಟಿ, ನಾನು ಸುಳ್ಳು ಏನೂ ಹೇಳಲಿಲ್ಲವಲ್ಲಮ್ಮ” ಎನ್ನುತ್ತಾ ಬಾಗಿಲು ತಟ್ಟುತ್ತಿದ್ದರು. ನಿಜ, ಸುಳ್ಳು ಹೇಳಿರಲಿಲ್ಲ. ಅದೇ ಅಲ್ಲವೇ ಕಷ್ಟ!

ಮಾರನೆಯ ದಿನ ಅವರ ಕೋಣೆಗೆ ನಾನೇ ಹೋದೆ.

“ಚಿಕ್ಕಪ್ಪ, ನಿಮ್ಮ ಹತ್ತಿರ ಇರೋದ್ರಲ್ಲಿ ಎಲ್ಲಕ್ಕಿಂತ ಜೋರಾಗಿರೋದು ಯಾವುದು?”

“ಯಾಕಮ್ಮ?”

“ಅದನ್ನು ಹಾಕಿ. ಉರಿದ್ರೂ ಪರವಾಗಿಲ್ಲ. ಇದು ನಿಂತುಹೋಗ್ಲಿ.”

ಚಿಕ್ಕಪ್ಪ ಬಾಟಲಿಗಳನ್ನು ನೋಡಿದರು, ನನ್ನನ್ನು ನೋಡಿದರು. “ಸ್ಪಿರಿಟ್ ಇದೆ. ಸ್ವಲ್ಪ ಖಾರ. ನಿನ್ನ ಕಿವಿಗೆ ನಾನು ಅದನ್ನ ಹಾಕಿಲ್ಲ.”

“ಹಾಕಿ.”

ಮೊದಲ ಸಲ ಅವರ ಕೈ ಹಿಂಜರಿದದ್ದು ನಾನು ಕಂಡೆ. ನಾನು ತಲೆ ವಾಲಿಸಿ ಕೂತೇ ಇದ್ದೆ. ಅವರು ಕಡೆಗೂ ಬಿಟ್ಟರು.

ಉರಿ ಬಂತೆಂದರೆ ಸಾಲದು, ಕಾದ ಸೌಟನ್ನು ತಲೆಯೊಳಗೆ ತಿರುಗಿಸಿದ ಹಾಗಾಯಿತು. ಅದರ ಹಿಂದೆಯೇ ಕೋಣೆ ತಿರುಗತೊಡಗಿತು. ಬಾಟಲಿಗಳು, ಕಿಟಕಿ, ಚಿಕ್ಕಪ್ಪ, ಎಲ್ಲ ಒಂದರ ಹಿಂದೆ ಒಂದು ನನ್ನ ಸುತ್ತ ಓಡಿದವು. ನಾನು ಅವರ ಮಡಿಲಿಗೇ ವಾಂತಿ ಮಾಡಿಕೊಂಡೆ. “ಪುಟ್ಟೀ! ಪುಟ್ಟೀ!” ಎಂದು ಅವರು ಕೂಗುತ್ತಿದ್ದುದು ಯಾವುದೋ ಬಾವಿಯಿಂದ ಬಂದಂತೆ ಕೇಳುತ್ತಿತ್ತು. ಕ್ರಿಮಿ ಎಂದು ಒಂದು ದಿನವೂ ಹೇಳದೆ ಇರದಿದ್ದ ಮನುಷ್ಯ, ವಾಂತಿಯಾದ ಅಂಗಿಯನ್ನು ಒರೆಸಿಕೊಳ್ಳಲೂ ಮರೆತು ನನ್ನನ್ನು ಹಿಡಿದುಕೊಂಡು ಕೂತಿದ್ದರು.

ತಲೆ ಸುತ್ತು ಸ್ವಲ್ಪ ಇಳಿದ ಮೇಲೆ ದೊಡ್ಡ ಆಸ್ಪತ್ರೆಗೆ ಹೋದೆವು, ನಾನು ಮತ್ತು ಚಿಕ್ಕಪ್ಪ. ಕಿವಿಯ ಡಾಕ್ಟರು ವಯಸ್ಸಾದವರು, ಗಟ್ಟಿಯಾಗಿ ಮಾತಾಡುವವರಲ್ಲ. ಕಿವಿಯೊಳಗೆ ಬಹಳ ಹೊತ್ತು ನೋಡಿ, “ಇದುವರೆಗೆ ಏನೇನು ಹಾಕಿದ್ದೀರಿ?” ಎಂದು ಕೇಳಿದರು.

ಚಿಕ್ಕಪ್ಪ ಎದ್ದು ನಿಂತು, ತರಗತಿಯಲ್ಲಿ ಪಾಠ ಒಪ್ಪಿಸುವ ಧ್ವನಿಯಲ್ಲಿ ಶುರು ಮಾಡಿದರು. ಪೆರಾಕ್ಸೈಡ್, ಬೋರಿಕ್, ಪರ್ಮಾಂಗನೇಟ್, ಜೆನ್ಶನ್ ವಯಲೆಟ್… ಒಂದೊಂದು ಹೆಸರಿಗೂ ಡಾಕ್ಟರರ ಹುಬ್ಬು ಒಂದಿಷ್ಟು ಏರಿತು, ಚಿಕ್ಕಪ್ಪನ ಧ್ವನಿ ಅಷ್ಟೇ ಇಳಿಯಿತು. ಸ್ಪಿರಿಟ್ ಎನ್ನುವ ಹೊತ್ತಿಗೆ ಅದು ತುಟಿಯ ಆಚೆ ಬರಲಿಲ್ಲ.

“ಸ್ಪಿರಿಟ್ ಹಾಕಿ ಅಂತ ನಾನೇ ಕೇಳಿದ್ದು ಡಾಕ್ಟ್ರೇ” ಎಂದೆ.

“ಅವಳು ಮಗು, ಕೇಳ್ತಾಳೆ” ಎಂದರು ಚಿಕ್ಕಪ್ಪ. “ಹಾಕಿದ್ದು ನಾನು ಸಾರ್.”

ಡಾಕ್ಟರು ಬೈಯಲಿಲ್ಲ. “ಮೇಷ್ಟ್ರೇ, ನೀವು ಹಾಕಿದ್ದೆಲ್ಲಾ ಕೆಟ್ಟದ್ದಲ್ಲ. ಬೋರಿಕ್ ಪುಡಿ ನಾವೂ ಹಾಕ್ತೀವಿ. ಆದ್ರೆ ಕೈಮೇಲಿನ ಗಾಯಕ್ಕೆ ಹಾಕೋದನ್ನೆಲ್ಲ ತೂತಿರೋ ತಮಟೆಯೊಳಕ್ಕೆ ಬಿಡೋ ಹಾಗಿಲ್ಲ. ಅದರ ಹಿಂದೆ ಕೇಳೋ ನರ ಇದೆ. ಕ್ರಿಮಿಯನ್ನ ಸುಡೋದು ಅದನ್ನೂ ಸುಡಬಹುದು.”

“ಹಾಗಾದ್ರೆ ಪೂರಾ ಸುರಕ್ಷಿತ ಯಾವುದು ಸಾರ್?”

“ನಿಜ ಹೇಳ್ಬೇಕಂದ್ರೆ, ಎಲ್ಲಾದರ ವಿಷಯ ನಮಗೂ ಪೂರಾ ಗೊತ್ತಿಲ್ಲ. ಅದಕ್ಕೇ ಕಮ್ಮಿ ಹಾಕ್ತೀವಿ, ಜಾಸ್ತಿ ಒರೆಸ್ತೀವಿ.”

ಚಿಕ್ಕಪ್ಪ ಡಾಕ್ಟರ ಕಡೆ ಒಂದು ಹೆಜ್ಜೆ ಸರಿದರು. “ಇವಳ ಕಿವಿ ನನ್ನಿಂದ ಹೋಯ್ತಾ ಸಾರ್?”

ಅಷ್ಟು ಸಣ್ಣ ಧ್ವನಿ ಅವರಲ್ಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

“ನೋಡೋಣ” ಎಂದು ಡಾಕ್ಟರು ಒಂದು ಟ್ಯೂನಿಂಗ್ ಫೋರ್ಕ್ ತೆಗೆದು, ಮೊಣಕಾಲಿಗೆ ತಟ್ಟಿ, ಅದರ ಬುಡವನ್ನು ನನ್ನ ಹಣೆಯ ನಡುವೆ ಇಟ್ಟರು. ವರ್ಷವರ್ಷವೂ ಮಕ್ಕಳಿಗೆ ಅಂಥದೇ ಫೋರ್ಕ್ ತಟ್ಟಿ ಶಬ್ದದ ಪಾಠ ಹೇಳುತ್ತಿದ್ದ ಚಿಕ್ಕಪ್ಪ, ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

“ಯಾವ ಕಡೆ ಜೋರಾಗಿ ಕೇಳುತ್ತೆ?”

ನನಗೇ ಆಶ್ಚರ್ಯವಾಯಿತು. “ಎಡಗಡೆ.”

ಡಾಕ್ಟರು ನಕ್ಕರು. “ನರ ಚೆನ್ನಾಗಿದೆ, ಮೂಳೆಯಿಂದ ಬಂದ ಸದ್ದನ್ನ ಹಿಡೀತಿದೆ. ತಮಟೆಯದೇ ತೊಂದರೆ. ನರ ಕೆಟ್ಟಿದ್ರೆ ಆ ಕಡೆ ಕೇಳ್ತಿರಲಿಲ್ಲ. ಮೇಷ್ಟ್ರೇ, ಇನ್ನು ಈ ಕಡೆ ತಿರುಗಬಹುದು.”

ಚಿಕ್ಕಪ್ಪ ತಿರುಗಲಿಲ್ಲ. ಅವರ ಬೆನ್ನು ಅಲುಗುತ್ತಿತ್ತು. ಬಾಗಿಲಲ್ಲಿ ಕಾಯುತ್ತಿದ್ದ ರೋಗಿಗಳೆಲ್ಲ ಇಣುಕಿ ನೋಡುತ್ತಿದ್ದರು, ಮತ್ತು ನಾನು ಅಭ್ಯಾಸಬಲದಿಂದ ನಾಚಿಕೊಂಡೆ.

ಕಿವಿಯ ಕಥೆ ಇಲ್ಲೇ ಮುಗಿಸಿಬಿಡುತ್ತೇನೆ. ಡಾಕ್ಟರು ಕೊಟ್ಟ ಹನಿ ಕೆಲವು ವಾರ, ದಿನವೂ ಒಣಹತ್ತಿಯ ಬತ್ತಿಯಿಂದ ಒರೆಸುವುದು, ಸ್ನಾನಕ್ಕೆ ಹೋಗುವಾಗ ವ್ಯಾಸಲೀನ್ ಸವರಿದ ಹತ್ತಿ. ಇಷ್ಟರಲ್ಲೇ ಅದು ಒಣಗಿತು. ಪೂರಾ ವಾಸಿಯಾಯಿತು ಎನ್ನಲಾರೆ. ತೂತು ಹಾಗೇ ಉಳಿಯಿತು, ಜೋರು ನೆಗಡಿ ಬಂದರೆ ಮತ್ತೆ ತೇವವಾಗುತ್ತಿತ್ತು. ಮದುವೆಯೂ ಆಯಿತು. ಕೈಹಿಡಿದವರಿಗೆ ಮೊದಲೇ ಎಲ್ಲ ಹೇಳಿದ್ದು ನಾನೇ, ಅದೂ ಜಟಕಾದಲ್ಲಲ್ಲ!

ಆದರೆ ನಾನು ಹೇಳಬೇಕೆಂದಿದ್ದು ಆಸ್ಪತ್ರೆಯಿಂದ ಹೊರಟ ಮೇಲಿನದು. ಬಸ್ಸು ತುಂಬಿತ್ತು. ಸಿಕ್ಕ ಒಂದು ಸೀಟಿನಲ್ಲಿ ಚಿಕ್ಕಪ್ಪ ನನ್ನ ಎಡಗಡೆಗೆ ಕೂತರು. ಮಿನರ್ವ ಸರ್ಕಲ್ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಾ, ಏನೋ ಹೇಳತೊಡಗಿದರು. ಬೀದಿಗೆಲ್ಲ ಕೇಳಿಸುವಂತೆ ಮಾತಾಡುತ್ತಿದ್ದವರು ಅವತ್ತು ತೀರಾ ಮೆಲ್ಲಗೆ ಮಾತಾಡಿದರು. ಬಸ್ಸಿನ ಗಡಗಡ ಸದ್ದಿನಲ್ಲಿ, ಹೊಸ ಹತ್ತಿ ತುಂಬಿದ ಆ ಕಿವಿಗೆ, ಒಂದು ಮಾತೂ ಕೇಳಿಸಲಿಲ್ಲ. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಒಂದೆರಡು ಸಲ ನಿಲ್ಲಿಸಿ, ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡು, ಮತ್ತೆ ಮುಂದುವರಿಸಿದರು. ಲಾಲ್‌ಬಾಗಿನ ಪಶ್ಚಿಮ ಬಾಗಿಲು ಹೋಯಿತು, ಸೌತ್ ಎಂಡ್ ಬಂತು, ಅವರ ಮಾತು ಇನ್ನೂ ಮುಗಿದಿರಲಿಲ್ಲ.

ಸ್ವಲ್ಪ ಗಟ್ಟಿಯಾಗಿ ಹೇಳಿ ಚಿಕ್ಕಪ್ಪ ಎನ್ನಬಹುದಾಗಿತ್ತು. ಎನ್ನಲಿಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ನಾನು “ಹೂಂ” ಎಂದೆ. ನಮ್ಮ ಸ್ಟಾಪು ಬಂದಾಗ ಅವರು ಮೊದಲ ಸಲ ನನ್ನ ಕಡೆ ತಿರುಗಿ, “ಬೇಜಾರಿಲ್ಲ ತಾನೆ?” ಎಂದು ಬಲಗಿವಿಗೂ ಕೇಳಿಸುವ ಹಾಗೆ ಕೇಳಿದರು.

“ಇಲ್ಲ ಚಿಕ್ಕಪ್ಪ” ಎಂದು ನಾನು ಅವರ ಕೈಹಿಡಿದು ಇಳಿಸಿಕೊಂಡೆ.